ಬಿಸಿಯೇರದ ಎಂಜಿನ್

ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಯಜಮಾನರು ನಡೆದುಕೊಂಡು ಮನೆಗೆ ಬಂದರು. ಇಪ್ಪತ್ತೊಂದು ವರ್ಷದಿಂದ ಒಂದೇ ಕಚೇರಿಯ ಕಾರು ಓಡಿಸುತ್ತಿರುವ ಮನುಷ್ಯ. ಸಂಜೆ ಆರಕ್ಕೆ ಮೊದಲು ಮನೆ ಸೇರಿದ್ದು ನನಗೆ ನೆನಪಿಲ್ಲ. ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಳಗಿನ ಪಾಳಿ ಮುಗಿಸಿ ಆಗಷ್ಟೇ ಬಂದು ಕಾಲು ಚಾಚಿದ್ದೆ. ಅವರು ಬೂಟು ಬಿಚ್ಚಿ, ಎರಡನ್ನೂ ಗೋಡೆಗೆ ಜೋಡಿಸಿಟ್ಟು, ಒಂದು ಲೋಟ ನೀರು ಕುಡಿದು, ಯಾರದೋ ಮನೆಗೆ ಬಂದವರಂತೆ ಕುರ್ಚಿಯ ತುದಿಯಲ್ಲಿ ಕೂತರು.

"ಹುಷಾರಿಲ್ವಾ?" ಅಂದೆ.

"ಚೆನ್ನಾಗಿದೀನಿ."

"ಮತ್ತೆ?"

"ಮತ್ತೇನಿಲ್ಲ."

ನಮ್ಮವರ ಬಾಯಿಂದ ಮಾತು ಹೊರಡಿಸುವುದೆಂದರೆ ತುಕ್ಕು ಹಿಡಿದ ನಟ್ಟು ಬಿಚ್ಚಿದ ಹಾಗೆ, ಎಣ್ಣೆ ಬಿಟ್ಟು ಕಾಯಬೇಕು. ಕಾಯುವುದು ನನ್ನ ಹಣೆಯಲ್ಲಿ ಬರೆದಿಲ್ಲ. ಎದುರಿಗೆ ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಂತೆ.

"ಡೀಸೆಲ್ ಕದೀತಿದೀನಂತೆ," ಅಂದರು.

ಪಿತ್ತ ನೆತ್ತಿಗೇರಿತು. "ಯಾವನು ಹೇಳಿದ್ದು ಹಾಗಂತ?"

"ಯಾವನೂ ಅಲ್ಲ, ಮೇಡಂ. ಅವರೂ ಬಾಯಿಬಿಟ್ಟು ಹೇಳ್ಲಿಲ್ಲ. ಕೇಳಿದ್ರು, ಅಷ್ಟೇ."

ಅವರ ಕಚೇರಿ ನೀರು ಪರೀಕ್ಷೆ ಮಾಡುವಂಥದ್ದು. ದೂರದೂರದ ಟ್ಯಾಂಕು, ಬಾವಿಗಳಿಂದ ಸೀಸೆಗಳಲ್ಲಿ ನೀರು ತುಂಬಿಸಿ ತರುವುದು ಅವರ ಕಾರಿನ ಕೆಲಸ. ಕಾರು ಎಷ್ಟು ಓಡಿತು, ಎಷ್ಟು ಡೀಸೆಲ್ ಕುಡಿಯಿತು ಎಂದು ವಾರವಾರ ಬರೆದು ಕೊಡಬೇಕು. ಮ್ಯಾನೇಜರ್ ಮೇಡಂ ಹೊಸಬರು, ಬಂದು ಎರಡು ತಿಂಗಳು. ಹಿಂದಿನವರಂತೆ ಆ ಹಾಳೆಗಳನ್ನು ಕಪಾಟಿಗೆ ತುರುಕುವವರಲ್ಲ, ಕೂತು ಓದುವವರು. ಓದಿದಾಗ ಅವರಿಗೆ ಕಂಡದ್ದು ಇದು: ಲೀಟರಿಗೆ ಹದಿನೆಂಟು ಕಿಲೋಮೀಟರ್ ಕೊಡುತ್ತಿದ್ದ ಕಾರು ಆರು ವಾರದಿಂದ ಹದಿನೈದು ಕೊಡುತ್ತಿದೆ. ಆರು ವಾರದ ಹಿಂದೆಯೇ ಅದಕ್ಕೆ ದೊಡ್ಡ ಸರ್ವಿಸ್ ಆಗಿತ್ತು. ಸರ್ವಿಸ್ ಆದಮೇಲೆ ಮೈಲೇಜ್ ಏರಬೇಕೇ ಹೊರತು ಇಳಿಯುವುದೇಕೆ?

"ಗಾಡೀಲಿ ಏನಾದ್ರೂ ತೊಂದ್ರೆ ಇದೆಯಾ ಅಂದ್ರು. ಇಲ್ಲ ಮೇಡಂ, ಗಾಡಿ ಹೂವಿನ ಹಾಗಿದೆ ಅಂದೆ."

"ಅಯ್ಯೋ ಪುಣ್ಯಾತ್ಮ! ಗಾಡಿ ಹೂವಿನ ಹಾಗಿದ್ರೆ ಡೀಸೆಲ್ ಎಲ್ಲಿಗೆ ಹೋಯ್ತು ಅಂತ ಕೇಳಲ್ವಾ ಅವರು?"

"ಅದನ್ನೇ ಕೇಳಿದ್ರು."

ಶುಕ್ರವಾರ ಸಂಜೆ ಮೇಲಿನ ಕಚೇರಿಗೆ ವರದಿ ಹೋಗುತ್ತದಂತೆ. ಅಷ್ಟರೊಳಗೆ ಕಾರಣ ಸಿಗದಿದ್ದರೆ ಅದರಲ್ಲಿ ಇವರ ಹೆಸರು ಹೋಗುತ್ತದೆ. ಅಲ್ಲಿಯತನಕ ಒಬ್ಬರೇ ಗಾಡಿ ತೆಗೆಯುವಂತಿಲ್ಲ. ಇವರು ಹೊರಗೆ ಬಂದಾಗ ಅಂಗಳದಲ್ಲಿದ್ದ ಮಿಕ್ಕ ಡ್ರೈವರುಗಳು ಮಾತು ನಿಲ್ಲಿಸಿದರಂತೆ. ಅವರಲ್ಲೊಬ್ಬ ಮೀಸೆಯಡಿಯಲ್ಲಿ ನಗುತ್ತ, "ಬಿಡಿ ಅಣ್ಣ, ಎಲ್ಲಾರೂ ಒಂದಿನ ಸಿಕ್ಕಿಬೀಳೋರೇ," ಅಂದನಂತೆ. ಮೇಡಂ ಕೇಳಿದ್ದಕ್ಕಿಂತ ಅದು ಇವರಿಗೆ ಹೆಚ್ಚು ನಾಟಿತ್ತು.

ಕೇಳಿ, ಇವರು ಎಂಥ ಮನುಷ್ಯ ಗೊತ್ತೆ? ನಮ್ಮ ಮಗಳು ಹುಟ್ಟಿದಾಗ ಆಸ್ಪತ್ರೆಯ ಬಾಗಿಲಲ್ಲೇ ಕಾರು ನಿಂತಿದ್ದರೂ ಅದು ಆಫೀಸಿನದು ಅಂತ ಹಸಿ ಬಾಣಂತಿಯನ್ನು ಬಸ್ಸು ಹತ್ತಿಸಿದ ಪ್ರಾಣಿ. ಆ ಸಿಟ್ಟು ನನಗೆ ಇನ್ನೂ ಆರಿಲ್ಲ. ಅಂಥವರು ಪೈಪು ಹಾಕಿ ಡೀಸೆಲ್ ಹೀರಿದರೆಂದರೆ ನಂಬಲು ನಾನೇನು ಕಿವಿಗೆ ಹೂವಿಟ್ಟುಕೊಂಡಿದ್ದೀನಾ? ಆದರೆ ನಾನು ನಂಬದಿದ್ದರೆ ಏನು ಬಂತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ನಮ್ಮದು ಲೀಟರಿಗೆ ಮೂರು ಕಿಲೋಮೀಟರಿಗೆ ಹೋಗುತ್ತಿತ್ತು.

"ಶುಕ್ರವಾರದೊಳಗೆ ಕಾರಣ ಸಿಗುತ್ತೆ. ನಾನು ಹುಡುಕ್ತೀನಿ," ಅಂದೆ.

"ನಿನಗೇನು ಗೊತ್ತೇ ಗಾಡಿ ವಿಷಯ?"

"ಗಾಡಿ ಗೊತ್ತಿಲ್ಲ. ಮೆಷಿನ್ನು ಗೊತ್ತು."

ಲಾಂಡ್ರಿಯಲ್ಲಿ ನನ್ನ ಕೈಕೆಳಗೆ ಐದು ದೊಡ್ಡ ಮೆಷಿನ್ನುಗಳಿವೆ. ಒಂದು ಮೆಷಿನ್ನು ಹೆಚ್ಚು ಸೋಪು ತಿನ್ನತೊಡಗಿದರೆ ನಾನು ಯಾರು ಕದ್ದರು ಎಂದು ಕೇಳುವುದಿಲ್ಲ. ಯಾವತ್ತಿನಿಂದ, ಅದರ ಹಿಂದಿನ ದಿನ ಇದಕ್ಕೆ ಕೈಹಾಕಿದವರು ಯಾರು ಎಂದು ಕೇಳುತ್ತೇನೆ. ಈ ಕಾರಿಗೆ ಕೈಹಾಕಿದವರು ಯಾರೆಂದು ಕೇಳುವ ಅಗತ್ಯವೇ ಇರಲಿಲ್ಲ. ನನ್ನ ತಮ್ಮ ಗುಂಡ.

ಹುಟ್ಟಿದಾಗ ದುಂಡಗಿದ್ದನೆಂದು ಗುಂಡ. ಈಗ ಗಾಳಿ ಬೀಸಿದರೆ ಹಾರಿಹೋಗುವಂತಿದ್ದಾನೆ, ಹೆಸರು ಮಾತ್ರ ಉಳಿದಿದೆ. ಪೇಟೆಯ ಹಿಂದಿನ ಬೀದಿಯಲ್ಲಿ ಅವನ ಗ್ಯಾರೇಜು. ಕಚೇರಿಯ ಏಳೂ ಗಾಡಿಗಳು ಅವನಲ್ಲಿಗೆ ಹೋಗುವಂತಾದದ್ದು ನಮ್ಮವರ ಮಾತಿನ ಮೇಲೆ. ಭಾವನೆಂದರೆ ಅವನಿಗೆ ಪ್ರಾಣ. ಸುದ್ದಿ ಕೇಳಿದ್ದೇ ಬುಧವಾರ ಬೆಳಗ್ಗೆ ಸಲಕರಣೆಯ ಪೆಟ್ಟಿಗೆ ಹೊತ್ತು ಕಚೇರಿಯ ಅಂಗಳಕ್ಕೆ ಬಂದ. ನಾನೂ ಪಾಳಿ ಬದಲಾಯಿಸಿಕೊಂಡು ಹೋದೆ.

ಮೇಡಂ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. ಡ್ರೈವರುಗಳು ಸಾಲಾಗಿ ಗೋಡೆಗೆ ಒರಗಿದ್ದರು. ಗುಂಡ ಕಾರಿನಡಿ ಬಿಳಿ ಕಾಗದ ಹಾಸಿ ಡೀಸೆಲ್ ಪೈಪಿನುದ್ದಕ್ಕೂ ಬೆರಳಾಡಿಸಿದ. ಒಂದು ಹನಿಯೂ ಸೋರಿರಲಿಲ್ಲ. ಗಾಳಿ ಅಳೆದ, ನಾಲ್ಕೂ ಟೈರು ಸರಿ. ಒಂದೊಂದೇ ಚಕ್ರ ಜಾಕಿಯ ಮೇಲೆ ಎತ್ತಿ ಕೈಯಲ್ಲಿ ತಿರುಗಿಸಿದ. ಬ್ರೇಕು ಚಕ್ರವನ್ನು ಎಲ್ಲೂ ಕಚ್ಚಿಹಿಡಿದಿರಲಿಲ್ಲ. ಏರ್ ಫಿಲ್ಟರ್ ಬಿಚ್ಚಿ ಬಿಸಿಲಿಗೆ ಹಿಡಿದು ತೋರಿಸಿದ, ಗಾಳಿಯ ಪೈಪಿನ ಕ್ಲಿಪ್ಪುಗಳನ್ನು ಎಳೆದೆಳೆದು ನೋಡಿದ. ಕೊನೆಗೆ ಎದ್ದು ನಿಂತು, ಕೈ ಒರೆಸಿಕೊಂಡು, ಎದೆಯುಬ್ಬಿಸಿ ಹೇಳಿದ:

"ಎಲ್ಲಾ ಸರಿಯಾಗಿದೆ ಮೇಡಂ. ನನ್ನ ಕೆಲಸದಲ್ಲಿ ಒಂದು ಕಡ್ಡಿ ಆಚೀಚೆ ಇಲ್ಲ. ಈ ಗಾಡೀಗೆ ಏನೂ ಆಗಿಲ್ಲ."

ಮೇಡಂ ತಲೆಯಾಡಿಸಿ ಅದನ್ನು ಬರೆದುಕೊಂಡರು. ಗೋಡೆಯ ಬದಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಾಡಿಗೆ ಏನೂ ಆಗಿಲ್ಲವೆಂದರೆ ಓಡಿಸುವವನಿಗೆ ಏನೋ ಆಗಿದೆಯೆಂದೇ ಅರ್ಥ. ಭಾವನ ಪರವಾಗಿ ಮಾತಾಡಿದೆನೆಂದು ನನ್ನ ತಮ್ಮ ಬೀಗುತ್ತಿದ್ದ; ಭಾವನ ಕುತ್ತಿಗೆಗೆ ಹಗ್ಗ ಇನ್ನೊಂದು ಸುತ್ತು ಬಿಗಿದಿತ್ತು.

ನನಗೆ ತಡೆಯಲಾಗಲಿಲ್ಲ. "ಮೇಡಂ, ಗಾಡೀನ ನಿಲ್ಲಿಸಿ ನೋಡಿದ್ರೆ ಏನು ಗೊತ್ತಾಗುತ್ತೆ? ಓಡಿಸಿ ನೋಡ್ಬೇಕು. ನೀವೇ ಕೂತು ನೋಡಿ."

"ನೀವು ಯಾರು?"

"ಕಳ್ಳನ ಹೆಂಡತಿ," ಅಂದೆ.

ನಮ್ಮವರು ನೆಲ ನೋಡಿದರು. ಮೇಡಂ ನನ್ನನ್ನೇ ಒಂದು ಗಳಿಗೆ ನೋಡಿದರು. ತುಟಿಯ ಕೊನೆ ಕೊಂಚ ಅಲುಗಿತು. "ನಾಳೆ ಬೆಳಗ್ಗೆ ಏಳಕ್ಕೆ ಗುಡ್ಡದ ಮೇಲಿನ ಟ್ಯಾಂಕಿಗೆ ಹೋಗೋದಿದೆ. ನೀವೂ ಬನ್ನಿ," ಎಂದರು. ಆ ಹೆಂಗಸು ಖಂಡಿತವಾದಿ, ಆದರೆ ಕೆಟ್ಟವರಲ್ಲ ಎಂದು ನನಗೆ ಅಲ್ಲೇ ಗೊತ್ತಾಯಿತು.

ಗುರುವಾರ ಬೆಳಗ್ಗೆ ಉಸಿರು ಬಿಟ್ಟರೆ ಹೊಗೆಯಾಗುವಷ್ಟು ಚಳಿ. ಮೇಡಂ ಮುಂದೆ, ನಮ್ಮವರ ಪಕ್ಕ. ನಾನು ಹಿಂದಿನ ಸೀಟಿನಲ್ಲಿ ಖಾಲಿ ಸೀಸೆಗಳ ಜೊತೆ. ನಮ್ಮವರು ಓಡಿಸುವ ರೀತಿ ನೋಡಬೇಕು, ತೊಟ್ಟಿಲು ತೂಗಿದ ಹಾಗೆ. ಅರ್ಧ ಗಂಟೆ ಕಳೆಯಿತು. ಮೇಡಂ ಕೈ ಉಜ್ಜಿಕೊಳ್ಳುತ್ತ, "ಹೀಟರ್ ಹಾಕಿ," ಅಂದರು.

"ಹಾಕೇ ಇದೀನಿ ಮೇಡಂ, ಹೊರಟಾಗಿಂದ."

"ಇದು ಹೀಟರಾ, ಫ್ಯಾನಾ?"

ನಾನು ಮುಂದಕ್ಕೆ ಬಗ್ಗಿ ಗಾಳಿ ಬರುವ ಕಿಂಡಿಗೆ ಕೈಯೊಡ್ಡಿದೆ. ತಣ್ಣಗೆ ಕೊರೆಯುತ್ತಿತ್ತು. ಅರ್ಧ ಗಂಟೆ ಓಡಿದ ಎಂಜಿನ್ನು, ಅದೂ ಗುಡ್ಡ ಹತ್ತುತ್ತಿದ್ದದ್ದು. ಸ್ಟಿಯರಿಂಗಿನ ಹಿಂದಿನ ಗಡಿಯಾರದಂಥ ಬಿಲ್ಲೆಗಳಲ್ಲಿ ಒಂದರ ಮುಳ್ಳು ತಳದಲ್ಲೇ ಬಿದ್ದಿತ್ತು.

"ರೀ, ಆ ಮುಳ್ಳು ಯಾತರದ್ದು?"

ಮೂರು ದಿನದಲ್ಲಿ ಮೊದಲ ಸಲ ನಮ್ಮವರ ಮುಖ ಅರಳಿತು. "ಅದಾ? ಎಂಜಿನ್ ಎಷ್ಟು ಬಿಸಿ ಆಗಿದೆ ಅಂತ ತೋರ್ಸೋದು. ಮೊದಲು ಯಾವಾಗ್ಲೂ ನಡುಮಧ್ಯ ಇರ್ತಿತ್ತು. ಸರ್ವಿಸ್ ಆದಮೇಲೆ ನೋಡು, ಗುಡ್ಡ ಹತ್ತಿದ್ರೂ ಮೇಲೇಳಲ್ಲ. ಅಷ್ಟು ತಣ್ಣಗೆ ಓಡ್ತಾಳೆ. ನಮ್ಮ ಗುಂಡನ ಕೈಗುಣ."

ತಣ್ಣಗೆ ಎಂದದ್ದೇ ನನಗೆ ಲಾಂಡ್ರಿ ನೆನಪಾಯಿತು. ಹೋದ ಚಳಿಗಾಲದಲ್ಲಿ ಲಾಂಡ್ರಿಯ ಬಿಸಿನೀರಿನ ವಾಲ್ವು ಕೆಟ್ಟು ಮೆಷಿನ್ನುಗಳಿಗೆ ಉಗುರುಬೆಚ್ಚಗಿನ ನೀರು ಬರುತ್ತಿತ್ತು. ಹಾಸಿಗೆ ಬಟ್ಟೆಯ ಕೊಳೆ ಹೋಗುತ್ತಿರಲಿಲ್ಲ, ಹುಡುಗಿಯರು ಇನ್ನಷ್ಟು, ಇನ್ನಷ್ಟು ಎಂದು ಸೋಪು ಸುರಿದರು. ವಾರದ ಸೋಪು ನಾಲ್ಕೇ ದಿನಕ್ಕೆ ಮುಗಿಯಿತು. ಸೂಪರ್‌ವೈಸರ್ ಗೇಟಿನಲ್ಲಿ ಹುಡುಗಿಯರ ಚೀಲ ಬಿಚ್ಚಿಸಿ ನೋಡುತ್ತಿದ್ದ. ಅವನ ಕೈಯನ್ನು ಹಿಡಿದೆಳೆದು ಮೆಷಿನ್ನಿನ ನೀರಿಗೆ ಅದ್ದಿಸಿದವಳು ನಾನೇ. ತಣ್ಣೀರು ಸೋಪು ತಿನ್ನುತ್ತದೆ. ತಣ್ಣಗಿನ ಎಂಜಿನ್ನು ಮತ್ತೇನು ತಿನ್ನುತ್ತದೆ?

ಹೇಳಿಬಿಡಬೇಕೆಂದು ಮಾತು ನಾಲಗೆಯ ತುದಿಗೆ ಬಂತು. ನುಂಗಿಕೊಂಡೆ. ಎದುರಿಗೆ ಮೇಡಂ ಕೂತಿದ್ದರು, ಆ ಎಂಜಿನ್ನಿಗೆ ಬಿದ್ದ ಕೈ ನನ್ನ ಒಡಹುಟ್ಟಿದವನದು. ಮೊದಲು ಅವನನ್ನು ಕೇಳಬೇಕಿತ್ತು.

ವಾಪಸು ಬಂದು ಮಧ್ಯಾಹ್ನ ಹನ್ನೆರಡೂವರೆಗೆ ಗ್ಯಾರೇಜಿಗೆ ಹೋದೆ. ಗುಂಡ ಒಂದು ವ್ಯಾನಿನಡಿ ಮಲಗಿದ್ದ, ಕಾಲು ಮಾತ್ರ ಕಾಣುತ್ತಿತ್ತು. ಆ ಕಾಲನ್ನು ತಟ್ಟಿ, "ನಿಮ್ಮ ಭಾವನ ಕಾರಿಂದ ಏನೋ ತೆಗ್ದೆ?" ಅಂದೆ.

ಅವನು ಜಾರಿಕೊಂಡು ಹೊರಗೆ ಬಂದ. "ಏನು ತೆಗೀತೀನಿ?"

"ಎಂಜಿನ್ ಬಿಸಿ ಆಗ್ದಿರೋ ಹಾಗೆ ಏನು ಮಾಡ್ದೆ, ಹೇಳು."

ಅವನ ಮುಖದಲ್ಲಿ ನಗು ಮೂಡಿತು, ಗುಟ್ಟಾಗಿ ಮಾಡಿದ ಉಪಕಾರ ಬಯಲಾದವರ ನಗು. "ಓ, ಗೊತ್ತಾಗ್ಹೋಯ್ತಾ? ಥರ್ಮೋಸ್ಟಾಟ್ ಅಂತ ಒಂದು ವಾಲ್ವ್ ಇರುತ್ತಕ್ಕ. ಎಂಜಿನ್ ಬಿಸಿ ಏರೋ ತನಕ ಅದು ನೀರನ್ನ ರೇಡಿಯೇಟರಿಗೆ ಬಿಡಲ್ಲ. ಮುಚ್ಚಿದ್ದು ಮುಚ್ಚಿದ ಹಾಗೇ ಅಂಟ್ಕೊಂಡ್ರೆ ಗಾಡಿ ಕುದಿಯುತ್ತೆ. ನನಗೆ ಕೆಲಸ ಕಲಿಸಿದೋರು ಹೇಳ್ತಿದ್ರು, ಅದನ್ನ ಕಿತ್ತು ಬಿಸಾಕು, ಜನ್ಮದಲ್ಲಿ ಗಾಡಿ ಕುದಿಯಲ್ಲ ಅಂತ. ಕಿತ್ತುಹಾಕ್ದೆ. ಬಿಲ್ಲಿಗೂ ಬರೀಲಿಲ್ಲ. ಭಾವನ ಗಾಡಿ ಅಲ್ವಾ?"

ನನಗೆ ಬೈಯಲು ಬಾಯಿ ಬರಲಿಲ್ಲ. ಎರಡು ವರ್ಷದ ಹಿಂದೆ ದಾರಿಯ ಮಧ್ಯೆ ಹಳೆಯ ಕಾರಿನ ರೇಡಿಯೇಟರ್ ಕುದಿದು, ಮುಚ್ಚಳ ತೆಗೆಯಲು ಹೋದ ನಮ್ಮವರ ಮೊಣಕೈವರೆಗೆ ಚರ್ಮ ಸುಲಿದಿತ್ತು. ಒಂಬತ್ತು ದಿನ ಆಸ್ಪತ್ರೆ. ಅವರು ಮಲಗಿದ್ದ ಹಾಸಿಗೆಯ ಬಟ್ಟೆಯನ್ನು ನಾನೇ ಒಗೆದಿದ್ದೆ. ಒಂಬತ್ತೂ ರಾತ್ರಿ ಪಕ್ಕದಲ್ಲಿ ಕೂತವನು ಈ ಗುಂಡ. ಹೊಸ ಕಾರು ತನ್ನ ಕೈಗೆ ಬಂದಾಗ ಅವನು ಮೊದಲು ಮಾಡಿದ್ದು ಅದು ಎಂದೂ ಕುದಿಯದಂತೆ ನೋಡಿಕೊಂಡಿದ್ದು.

ಕವುಚಿಟ್ಟ ಡಬ್ಬದ ಮೇಲೆ ಕೂತು ಸೋಪಿನ ಕಥೆ ಹೇಳಿದೆ. ಅವನು ಮೊದಲು ನಕ್ಕ. "ಅಕ್ಕ, ಲಾಂಡ್ರಿ ಬೇರೆ, ಎಂಜಿನ್ ಬೇರೆ. ಹಳೇ ಗಾಡಿಗಳಲ್ಲಿ ಎಷ್ಟು ಕಿತ್ತಿದೀನಿ, ಒಬ್ಬರಾದ್ರೂ..." ಎಂದವನು ಅಲ್ಲೇ ನಿಲ್ಲಿಸಿದ.

"ಏನು?"

"ಹಳೇ ಗಾಡೀಲಿ ಕಂಪ್ಯೂಟರ್ ಇರ್ತಿರಲಿಲ್ಲ. ಇದರಲ್ಲಿದೆ. ಎಂಜಿನ್ ಇನ್ನೂ ತಣ್ಣಗಿದೆ ಅಂತ ಅದಕ್ಕೆ ಅನ್ಸಿದ್ರೆ..."

"ಅನ್ಸಿದ್ರೆ?"

"ಬಿಸಿ ಆಗ್ಲಿ ಅಂತ ಇನ್ನಷ್ಟು ಡೀಸೆಲ್ ಕೊಡುತ್ತೆ." ಅವನ ಮುಖದ ರಕ್ತ ಇಳಿದುಹೋಯಿತು. "ದಿನವೆಲ್ಲ ಕೊಡ್ತಾನೇ ಇರುತ್ತೆ. ಅಯ್ಯೋ ಅಕ್ಕ."

"ನಿನ್ನ ಪ್ರೀತಿಗೆ ಬೆಂಕಿ ಹಾಕ! ಹೇಳಿ ಮಾಡೋದಕ್ಕೇನಾಗಿತ್ತು ನಿನಗೆ?"

ಆಗ ಬಾಯಿ ಬಂತು ನೋಡಿ. ಚೆನ್ನಾಗಿ ಬೈದೆ. ಅವನು ತಲೆ ತಗ್ಗಿಸಿ ಕೇಳಿದ. ಕೇಳಿ ಮುಗಿದ ಮೇಲೆ ಮೆಲ್ಲಗೆ ಹೇಳಿದ, "ಒಂದು ಗಂಟೆ ಕೆಲಸ ಅಷ್ಟೇ. ಏನೋ ಒಂದು ನೆಪ ಹೇಳಿ ಗಾಡಿ ಇಲ್ಲಿಗೆ ತರ್ಸು. ಹೊಸ ವಾಲ್ವ್ ಹಾಕ್ಬಿಡ್ತೀನಿ. ಮುಂದಿನ ವಾರದಿಂದ ಮತ್ತೆ ಹದಿನೆಂಟು ಬರುತ್ತೆ. ಯಾರಿಗೂ ಗೊತ್ತಾಗಲ್ಲ."

ಸುಳ್ಳು ಯಾಕೆ ಹೇಳಲಿ, ಆ ಕ್ಷಣ ನನಗೂ ಹಾಯೆನಿಸಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದರೆ ಇದೇ ಅಲ್ಲವೇ? ಅಷ್ಟರಲ್ಲಿ ಊಟದ ಬಿಡುವಿಗೆ ನಮ್ಮವರೂ ಹುಡುಕಿಕೊಂಡು ಬಂದರು. ವಿಷಯ ಕೇಳಿ ಅವರಿಗೆ ಸಿಟ್ಟೇ ಬರಲಿಲ್ಲ. ಗುಂಡನ ಹೆಗಲ ಮೇಲೆ ಕೈಯಿಟ್ಟು, "ಹೋಗ್ಲಿ ಬಿಡೋ. ಹಾಕ್ಬಿಡು, ಮುಗೀತು," ಅಂದರು.

ಅವರ ಬಾಯಲ್ಲಿ ಆ 'ಮುಗೀತು' ಕೇಳಿದ ಮೇಲೆಯೇ ನನ್ನ ತಲೆ ಓಡಿತು.

"ನಿಲ್ಲಿ ಇಬ್ಬರೂ. ಮಂಗಳವಾರ ಮೇಡಂ ಕೇಳಿದ್ರು, ಡೀಸೆಲ್ ಎಲ್ಲಿ ಹೋಯ್ತು ಅಂತ. ಮುಂದಿನ ವಾರ ತನಗೆ ತಾನೇ ಹದಿನೆಂಟು ಬರುತ್ತೆ. ಆಗ ಮೇಡಂ ಏನಂದ್ಕೋತಾರೆ?"

ಗುಂಡ ಸ್ಪ್ಯಾನರನ್ನು ಕೈಯಲ್ಲಿ ತಿರುಗಿಸತೊಡಗಿದ.

"ಗದರಿಸಿದ ಮೇಲೆ ಕದಿಯೋದು ನಿಲ್ಲಿಸ್ದ ಅಂದ್ಕೋತಾರೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ ಆಗುತ್ತೆ. ಗಾಡಿ ರಿಪೇರಿ ಆಗುತ್ತೆ, ಇವರು ಸಾಯೋ ತನಕ ಕಳ್ಳರೇ!"

ಗುಂಡ ಕೈಯಲ್ಲಿದ್ದ ಸ್ಪ್ಯಾನರನ್ನು ನೆಲಕ್ಕಿಟ್ಟ. "ಹಾಗಾದ್ರೆ ನಾನು ಹೇಳ್ಬೇಕು. ನಿನ್ನೆ ತಾನೆ ಅಷ್ಟು ಜನರ ಮುಂದೆ ಎದೆ ತಟ್ಕೊಂಡು ಎಲ್ಲಾ ಸರಿಯಾಗಿದೆ ಅಂದಿದೀನಿ ಅಕ್ಕ. ಇವತ್ತು ನಾನೇ ಮಾಡಿದ್ದು ಅಂದ್ರೆ ಏಳೂ ಗಾಡಿ ನನ್ನ ಕೈಬಿಡುತ್ತೆ. ಇನ್ನು ಯಾರು ಬರ್ತಾರೆ ಈ ಗ್ಯಾರೇಜಿಗೆ?"

"ಅವನ ಹೊಟ್ಟೆ ಮೇಲೆ ಹೊಡೀಬೇಡ ಕಣೆ," ಅಂದರು ನಮ್ಮವರು. "ನಂದೇನು, ಇನ್ನು ನಾಲ್ಕು ವರ್ಷ ಕೆಲಸ. ಯಾರೋ ಏನೋ ಅಂದ್ಕೊಂಡ್ರೆ ಅಂದ್ಕೊಳ್ಲಿ."

"ಯಾರೋ ಏನೋ ಅಂದ್ಕೊಂಡ್ರೆ ಪರವಾಗಿಲ್ಲ ಅನ್ನೋರು ಮಂಗಳವಾರ ಸ್ವಂತ ಮನೇಲಿ ಕುರ್ಚಿ ತುದೀಲಿ ಯಾಕೆ ಕೂತಿದ್ರಿ?"

ಅವರ ಕಣ್ಣು ತುಂಬಿಕೊಂಡಿತು. ನಾನು ತಮ್ಮನ ಕಡೆ ತಿರುಗಿದೆ.

"ನಾಳೆ ಬೆಳಗ್ಗೆ ಹತ್ತು ಗಂಟೆ. ಅಂಗಳದಲ್ಲಿ ಎಲ್ಲಾರೂ ಇರ್ತಾರೆ. ಹೇಳೋದಾದ್ರೆ ನೀನೇ ಬಂದು ಹೇಳ್ಬೇಕು, ವಾಲ್ವ್ ಹಾಕೋದಕ್ಕೆ ಮುಂಚೆ. ನಿಮ್ಮ ಭಾವ ಅಂತೂ ಬಾಯಿ ಬಿಡಲ್ಲ, ಅದು ನಿನಗೂ ಗೊತ್ತು." ಇಷ್ಟು ಹೇಳಿ ತಿರುಗಿ ನೋಡದೆ ಬಂದುಬಿಟ್ಟೆ.

ಧೈರ್ಯವಾಗಿ ಹೇಳಿ ಬಂದೆನೇ ಹೊರತು ಆ ಸಂಜೆ ಕೈಗೆ ಸಿಕ್ಕ ಪಾತ್ರೆಯನ್ನೆಲ್ಲ ಎರಡೆರಡು ಸಲ ತೊಳೆದೆ. ಎಡ ಕಣ್ಣು ಬೇಕೋ ಬಲ ಕಣ್ಣು ಬೇಕೋ ಎಂದು ಕೇಳಿದ ಹಾಗಾಗಿತ್ತು. ಸೊಂಟದ ಮೇಲೆ ಎತ್ತಿಕೊಂಡು ಬೆಳೆಸಿದ ತಮ್ಮ ಅವನು. ಅವನು ಬರದಿದ್ದರೆ ನಾನೇ ಹೇಳುತ್ತಿದ್ದೆನೇ ಎಂದು ನೀವು ಕೇಳಬಹುದು. ಹೇಳುತ್ತಿದ್ದೆ. ಹೇಳಿ, ಆಮೇಲೆ ಅವನ ಮನೆಯ ಮೆಟ್ಟಿಲು ಹತ್ತಲು ನನಗೆ ಮುಖವಿರುತ್ತಿರಲಿಲ್ಲ. ಆದರೆ ನನ್ನ ತಮ್ಮ ನನಗೆ ಗೊತ್ತು, ಬಂದೇ ಬರುತ್ತಾನೆ ಎಂದು ನೂರು ಸಲ ಅಂದುಕೊಂಡೆ.

ಶುಕ್ರವಾರ ಹತ್ತಕ್ಕೆ ಎಲ್ಲರೂ ಇದ್ದರು. ಡ್ರೈವರುಗಳು ಗೋಡೆಗೆ ಒರಗಿ ಚಹಾ ಕುಡಿಯುತ್ತಿದ್ದರು. ನಮ್ಮವರು ಕಾರಿನ ಗಾಜನ್ನು ಒರೆಸಿದ್ದೇ ಒರೆಸುತ್ತಿದ್ದರು. ಹತ್ತೂಕಾಲು ಆಯಿತು. ಮೇಡಂ ಕಿಟಕಿಯಿಂದ ಒಮ್ಮೆ ನೋಡಿ ಒಳಗೆ ಹೋದರು. ಹತ್ತೂ ಇಪ್ಪತ್ತಾಯಿತು. ನಾನೇ ಮೇಡಂ ಕೋಣೆಯ ಕಡೆ ಒಂದು ಹೆಜ್ಜೆ ಇಟ್ಟಿದ್ದೆ, ಗೇಟಿನಲ್ಲಿ ಗುಂಡನ ಸ್ಕೂಟರಿನ ಸದ್ದಾಯಿತು.

ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಸೀದಾ ಮೆಟ್ಟಿಲ ಹತ್ತಿರ ಹೋಗಿ ಮೇಡಂ ಅವರನ್ನು ಹೊರಗೆ ಕರೆದ. ಅಂಗೈಯಲ್ಲಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ಹಿತ್ತಾಳೆಯ ಒಂದು ವಾಲ್ವು ಇಟ್ಟು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

"ಬುಧವಾರ ನಾನು ಹೇಳಿದ್ದು ತಪ್ಪು ಮೇಡಂ. ಈ ಗಾಡೀಲಿ ಇದು ಇರಬೇಕಾಗಿತ್ತು. ನಾನು ತೆಗ್ದೆ. ಯಾರೂ ತೆಗಿ ಅಂದಿರಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಇದಿಲ್ಲದೆ ಎಂಜಿನ್ ಬಿಸಿ ಏರಲ್ಲ, ಅದಕ್ಕೇ ಡೀಸೆಲ್ ಜಾಸ್ತಿ ಕುಡೀತಿದೆ. ನಮ್ಮ ಭಾವ ಒಂದು ಹನಿಯನ್ನೂ ಮುಟ್ಟಿಲ್ಲ." ದನಿ ಗೋಡೆಯವರೆಗೂ ಕೇಳುವಷ್ಟು ಗಟ್ಟಿಯಾಗಿತ್ತು.

ಚಹಾ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟರು. ಮೊನ್ನೆ ಮೀಸೆಯಡಿ ನಕ್ಕಿದ್ದ ಡ್ರೈವರ್ ಮಾತ್ರ, "ಭಾವನ್ನ ಉಳಿಸೋಕೆ ಬಾಮೈದ ಕಥೆ ಕಟ್ತಿದಾನೆ," ಅಂದ.

"ಕಥೆಯೋ ನಿಜವೋ, ಅಳೆದು ನೋಡಿದ್ರೆ ಗೊತ್ತಾಗುತ್ತೆ," ಅಂದರು ಮೇಡಂ. "ವಾಲ್ವ್ ಈಗ್ಲೇ ಹಾಕ್ಬೇಡಿ. ಡೀಸೆಲ್ ಟ್ಯಾಂಕ್ ಕಂಠಮಟ್ಟ ತುಂಬ್ಸಿ. ಸೇತುವೆವರೆಗೆ ಹೋಗಿ ಬಂದ್ರೆ ತೊಂಬತ್ತು ಕಿಲೋಮೀಟರ್. ಬಂದು ಮತ್ತೆ ತುಂಬ್ಸೋಣ. ಆಮೇಲೆ ವಾಲ್ವ್ ಹಾಕಿ ಅದೇ ದಾರಿ, ಅದೇ ಬಂಕ್. ನಾನೂ ಕೂತ್ಕೋತೀನಿ." ಆಮೇಲೆ ನಕ್ಕಿದ್ದವನ ಕಡೆ ಬೆರಳು ತೋರಿಸಿದರು. "ನೀವೇ ಓಡ್ಸಿ. ಆಗ ಯಾರೂ ಕಥೆ ಕಟ್ಟೋಕಾಗಲ್ಲ."

ಮೊದಲ ಸುತ್ತಿಗೆ ಆರು ಲೀಟರು ಹಿಡಿಯಿತು, ಅದೇ ಹದಿನೈದರ ಲೆಕ್ಕ. ಗುಂಡ ಎಂಜಿನ್ನು ಆರುವ ತನಕ ಕಾದು, ಅಂಗಿಯ ತೋಳು ಮಡಚಿ, ಎಲ್ಲರೂ ಸುತ್ತ ನಿಂತು ನೋಡುತ್ತಿದ್ದ ಹಾಗೆ ವಾಲ್ವು ಕೂರಿಸಿ ನೀರು ತುಂಬಿದ. ಒಂದು ಬೋಲ್ಟು ಎರಡು ಸಲ ಕೆಳಗೆ ಬಿತ್ತು; ಎರಡು ಸಲವೂ ನಮ್ಮವರೇ ಬಗ್ಗಿ ಎತ್ತಿಕೊಟ್ಟರು. ಎರಡನೆಯ ಸುತ್ತು ಮುಗಿದು ಕಾರು ಬರುವಾಗ ನಾಲ್ಕೂವರೆ. ಮೀಸೆಯವನು ಇಳಿದು, ಯಾರ ಮುಖವನ್ನೂ ನೋಡದೆ, "ಐದು ಲೀಟರು. ಮುಳ್ಳು ನಡುಮಧ್ಯ ನಿಂತಿತ್ತು," ಅಂದ. ಮೇಡಂ ಕೋಟು ಬಿಚ್ಚಿ ಕೈಮೇಲೆ ಹಾಕಿಕೊಂಡು ಇಳಿದರು, ಅಷ್ಟು ಬೆಚ್ಚಗಾಗಿತ್ತು ಕಾರು.

ಅವರು ಒಳಗೆ ಹೋಗಲಿಲ್ಲ. ಅಂಗಳದಲ್ಲೇ ನಿಂತು ನಮ್ಮವರಿಗೆ ಹೇಳಿದರು, "ನಿಮ್ಮ ಮೇಲೆ ಅನುಮಾನಪಟ್ಟೆ. ತಪ್ಪಾಯ್ತು. ನಾಳೆಯಿಂದ ಗಾಡಿ ನಿಮ್ಮದು." ಮೀಸೆಯವನು ಮುಂದೆ ಬಂದು ನಮ್ಮವರ ಕೈ ಹಿಡಿದು ಅಲುಗಿಸಿ ಬಿಟ್ಟ. ನನಗೆ ಆ ಗಳಿಗೆ ಕುಣಿಯಬೇಕೆನಿಸಿತು. ಆದರೆ ಮೇಡಂ ಕೈಯಲ್ಲಿ ವರದಿಯ ಹಾಳೆ ಇನ್ನೂ ಇತ್ತು.

"ಕಾರಣ ಬರೀತೀನಿ. ಕೆಳಗೆ ಇನ್ನೊಂದು ಜಾಗ ಇದೆ. ಇನ್ನು ಮುಂದೆ ಗಾಡಿಗಳನ್ನ ಯಾವ ಗ್ಯಾರೇಜಿಗೆ ಕಳಿಸ್ಬೇಕು ಅಂತ ಬರೀಬೇಕು. ನಷ್ಟ ಅನುಭವಿಸಿದೋರು ನೀವು. ನೀವೇ ಹೇಳಿ."

ಗುಂಡ ಆಗಲೇ ಸಲಕರಣೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ, ಹೋಗು ಅನ್ನುವ ಮೊದಲೇ ಹೊರಟು ನಿಂತವನಂತೆ. ನಾನು ಬಾಯಿ ತೆರೆಯಲು ಹೋದೆ. ನಮ್ಮವರು ಕೈ ಅಡ್ಡ ಹಿಡಿದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನ ಮಾತನ್ನು ಅವರು ತಡೆದದ್ದು ಅದೇ ಮೊದಲು.

"ಇವನ ಗ್ಯಾರೇಜಿಗೇ ಮೇಡಂ."

"ಇಷ್ಟಾದ ಮೇಲೂ?"

"ಇಷ್ಟಾಗಿದ್ದಕ್ಕೇ. ಇವತ್ತು ಇವನು ಬರದೇ ಇರಬಹುದಿತ್ತು. ಬರದಿದ್ರೆ ನಾನು ಬಾಯಿ ಬಿಡ್ತಿರಲಿಲ್ಲ, ಕಳ್ಳ ಅನ್ನಿಸ್ಕೊಂಡೇ ಮನೆಗೆ ಹೋಗ್ತಿದ್ದೆ. ಅದು ಇವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಬಂದ." ಅವರು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. "ವಾಲ್ವ್ ಬಗ್ಗೆ ಗೊತ್ತಿರೋ ಮೆಕ್ಯಾನಿಕ್ಕು ಎಲ್ಲಾ ಬೀದೀಲೂ ಸಿಗ್ತಾನೆ ಮೇಡಂ. ಬ್ರೇಕ್ ರಿಪೇರಿ ಮಾಡೋವಾಗ ಇಂಥವನ ಕೈ ಬೀಳಬೇಕು ನಮ್ಮ ಗಾಡಿ ಮೇಲೆ. ಏನಾದ್ರೂ ತಪ್ಪಾದ್ರೆ ಇವನು ಬಂದು ಹೇಳ್ತಾನೆ."

ಗೋಡೆಯ ಬದಿಯಿಂದ ಯಾರೋ, "ಸರಿ ಮೇಡಂ, ಅಲ್ಲಿಗೇ," ಅಂದರು. ಇನ್ನೊಬ್ಬರೂ ಅಂದರು. ಮೇಡಂ ಕಾರಿನ ಬಾನೆಟ್ಟಿನ ಮೇಲೆ ಹಾಳೆಯಿಟ್ಟು ಬರೆಯತೊಡಗಿದರು. ಬರೆಯುತ್ತಲೇ, "ಇನ್ಮೇಲೆ ಏನು ತೆಗೆದ್ರೂ ಬಿಲ್ಲಿನಲ್ಲಿ ಬರೀಬೇಕು," ಎಂದು ಗುಂಡನಿಗೆ ಹೇಳಿದರು.

ಪೆಟ್ಟಿಗೆಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ ಗುಂಡ, ಗ್ರೀಸು ಮೆತ್ತಿದ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಎಲ್ಲರ ಎದುರಿಗೆ ಬಿಕ್ಕಿ ಬಿಕ್ಕಿ ಅತ್ತ. ನಮ್ಮವರು ಅವನ ಪಕ್ಕದಲ್ಲಿ, ನೆಲದ ಮೇಲೇ, ಕಾಲು ಚಾಚಿ ಆರಾಮಾಗಿ ಕೂತರು.